ಅಂಬಾಸಡರ್ ಪೆಟ್ರೋಲ್: ಏರಿನಾಗ ಮುಗ್ಗರಿಸ್ತೈತಿ, ಬಿಸಿ ಆದ್ಮ್ಯಾಲ ಆಯಿಲ್ ಪ್ರೆಶರ್ ಬೀಳ್ತೈತಿ

ಸಪ್ತಾಪುರ ಅಂಬಿ:
ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಮಾರ್ಕ್ 4, 1489 ಸಿಸಿ ಪೆಟ್ರೋಲ್, ಸೋಲೆಕ್ಸ್ ಕಾರ್ಬುರೇಟರ್, ಹಳೇ ಎಸಿ ಪಂಪ್ (ಟ್ಯಾಂಕಿಂದ ಪೆಟ್ರೋಲ್ ಜಗ್ಗೂ ಪಂಪ್). ಅಪ್ಪ ಇಟ್ಟುಕೊಂಡಿದ್ದ ಗಾಡಿ, ಈಗ ನನ್ನ ಕೈಯಾಗೈತಿ. ದಿನಾ ತೆಗಿಯೂದಿಲ್ಲ, ವಾರಕ್ಕೊಮ್ಮೆ ಧಾರವಾಡ–ಹುಬ್ಬಳ್ಳಿ ಓಡಸ್ತೀನಿ.

ತ್ರಾಸು ಎರಡು ಅದಾವು. ಹುಬ್ಬಳ್ಳಿಯಿಂದ ವಾಪಸ್ ಬರೂಮುಂದ ನವಲೂರು ಏರಿನಾಗ ಎಕ್ಸಲೇಟರ್ ಪೂರಾ ಒತ್ತಿದ್ರ ಪಿಕಪ್ ಸತ್ತು ಮುಗ್ಗರಸ್ತೈತಿ. ಕಾಲು ತಗದು ಸ್ವಲ್ಪ ತಡದ್ರ ಮತ್ತ ಎಳೀತೈತಿ. ಸಪಾಟ ರಸ್ತೆದಾಗ ಏನೂ ಇಲ್ಲ. ಬಾಜೂಕ ಚಿಗರಿ ಬಸ್ ಭರ್ರಂತ ಹೋಗ್ತಾವು, ನಾ ಎರಡನೇ ಗೇರಿನಾಗ ತೆವಳ್ತಿರ್ತೀನಿ.

ಇನ್ನೊಂದು ಆಯಿಲ್ ಪ್ರೆಶರ್. ಅಪ್ಪ ಹಾಕಿಸಿದ ಗೇಜ್ ಐತಿ. ಮುಂಜಾನೆ ಚಾಲೂ ಮಾಡಿದಾಗ 50 ಪೌಂಡ್ ತೋರಸ್ತೈತಿ, ಬಿಸಿ ಆದ್ಮ್ಯಾಲ ಸ್ಲೋದಾಗ (ಎಕ್ಸಲೇಟರ್ ಒತ್ತದ ಇಂಜಿನ್ ಓಡೂಮುಂದ) 8ಕ್ಕೋ 10ಕ್ಕೋ ಇಳೀತೈತಿ. ಮೊದ್ಲ 20ರ ಕೆಳಗ ನೋಡಿದ್ದ ನೆನಪಿಲ್ಲ.

ಕಾರ್ಬುರೇಟರ್ ಬಿಚ್ಚಿಸಿ ಜೆಟ್ ಎಲ್ಲಾ ಊದಿಸೀನಿ. ಪ್ಲಗ್, ಪಾಯಿಂಟ್ ಹೊಸಾವು. ಒಬ್ಬ ಮಿಸ್ತ್ರಿ ಕಾರ್ಬುರೇಟರ್ ಹೊಸಾದು ಹಾಕ್ರಿ ಅಂತಾನ, ಇನ್ನೊಬ್ಬ ಬೇರಿಂಗ್ ಹೋಗ್ಯಾವ, ಇಂಜಿನ್ ಇಳಸೂಣ ಅಂತಾನ. ರೊಕ್ಕ ಸುರಿಯೂಕಿಂತ ಮೊದ್ಲ ನಿಮ್ಮನ್ನ ಕೇಳೂಣ ಅಂತ.

ಹಾವೇರಿ ಫಿಟ್ಟರ್:
ಇಂಜಿನ್ ಇಳಸೂ ಮಾತು ಸದ್ಯ ಬ್ಯಾಡ್ರಿ. ಮೂರು ಸಂಗತಿ ಹೇಳ್ರಿ. ಎರಡೂ ತ್ರಾಸು ಸುಮಾರು ಒಂದ ಟೈಮಿಗೆ ಚಾಲೂ ಆದೂವೇನು? ಆಯಿಲ್ ಕಡ್ಡಿ ಜಗ್ಗಿ ನೋಡಿದ್ರ ಲೆವಲ್ ಎಲ್ಲಿಗೈತಿ? ಕಡ್ಡಿ ಮೂಗಿನ ಹತ್ರ ಹಿಡದ್ರ ಏನ್ ವಾಸನಿ ಬರ್ತೈತಿ?

ಸಪ್ತಾಪುರ ಅಂಬಿ:
ಹೌದ್ರಿ ಸರ, ಎರಡೂ ಈ ಬ್ಯಾಸಗಿಯಿಂದನ. ಈಗ ಕಡ್ಡಿ ನೋಡಿದೆ. ಮ್ಯಾಲಿನ ಗೆರಿ ದಾಟಿ ಒಂದು ಬೆರಳು ಹೆಚ್ಚೈತಿ! ನಾ ಅಂತೂ ಆಯಿಲ್ ಹಾಕಿಲ್ಲ. ಹಾಕೂದ ಬೀಳವಲ್ದು ಅಂತ ಖುಷಿಯಾಗಿದ್ದೆ. ವಾಸನಿ ಪೆಟ್ರೋಲಿನ ಹಂಗ ಐತಿ.

ಗ್ಯಾರೇಜ್ ಕಾಕಾ:
ತಮ್ಮಾ, ಗಾಡಿ ಚಾಲೂ ಮಾಡಬ್ಯಾಡ. ಇವತ್ತಿಂದನ ಬಂದ್. ಆಯಿಲ್ ಕಡಿಮಿ ಆಗೂದು ಎಲ್ಲಾ ಇಂಜಿನ್‌ನ್ಯಾಗೂ ಇದ್ದದ್ದ, ಹೆಚ್ಚಾತು ಅಂದ್ರ ಹೊರಗಿಂದ ಏನೋ ಒಳಗ ಬಂದೈತಿ ಅಂತ ಅರ್ಥ. ನಿನ್ನ ಚೇಂಬರಿನಾಗ, ಅಂದ್ರ ಇಂಜಿನ್ ತಳಕ್ಕ ಆಯಿಲ್ ನಿಲ್ಲೂ ಜಾಗಾದಾಗ, ಪೆಟ್ರೋಲ್ ಬಿದ್ದೈತಿ.

ಎಸಿ ಪಂಪ್ ಬ್ಲಾಕಿನ ಬಾಜೂಕ ಎರಡು ನಟ್ ಮ್ಯಾಲ ಕೂತಿರ್ತೈತಲ್ಲ, ಅದರ ಕೈ ಇಂಜಿನ್ ಒಳಗ ತಿರುಗೂ ಕ್ಯಾಮ್ ಮ್ಯಾಲ ಆಡ್ತೈತಿ. ಆ ಕೈ ರಬ್ಬರ್ ಡಯಾಫ್ರಾಮನ್ನ ಕೆಳಗ ಜಗ್ಗಿದಾಗ ಟ್ಯಾಂಕಿಂದ ಪೆಟ್ರೋಲ್ ಬರ್ತೈತಿ, ಸ್ಪ್ರಿಂಗ್ ಅದನ್ನ ಮ್ಯಾಲ ಒತ್ತಿದಾಗ ಕಾರ್ಬುರೇಟರಿಗೆ ಹೋಗ್ತೈತಿ. ಡಯಾಫ್ರಾಮ್ ಸೀಳಿದ್ರ ಅರ್ಧಾ ಪೆಟ್ರೋಲ್ ಕಾರ್ಬುರೇಟರಿಗೆ, ಉಳಿದದ್ದು ಸೀದಾ ಚೇಂಬರಿಗೆ. ಸಪಾಟ ರಸ್ತೆದಾಗ ಇಂಜಿನ್ ಕೇಳೂದ ಕಡಿಮಿ, ಹಂಗಾಗಿ ಸಾಕಾಗ್ತೈತಿ. ಏರಿನಾಗ ಫ್ಲೋಟ್ ಚೇಂಬರ್ (ಕಾರ್ಬುರೇಟರಿನಾಗ ಪೆಟ್ರೋಲ್ ನಿಲ್ಲೂ ಬಟ್ಟಲ) ಬರಿದಾಗ್ತೈತಿ, ಗಾಡಿ ಮುಗ್ಗರಸ್ತೈತಿ. ಇತ್ತಾಗ ಆಯಿಲ್ ಮಜ್ಜಿಗಿ ನೀರಾಗ್ತೈತಿ, ಬಿಸಿ ಆದ್ಮ್ಯಾಲ ಪ್ರೆಶರ್ ಎಲ್ಲಿಂದ ಬರಬೇಕು? ಎರಡು ರೋಗ ಅಲ್ಲ ಇವು, ಒಂದ.

ಹಂಗ ಓಡಿಸಿದ್ರ ಬೇರಿಂಗ್ ಖರೇನ ಹೋಗ್ತಾವು, ಆಮ್ಯಾಲ ಆ ಮಿಸ್ತ್ರಿ ಹೇಳಿದ್ದ ಖರೆ ಆಗ್ತೈತಿ. ಚೇಂಬರಿನಾಗ ಪೆಟ್ರೋಲ್ ಹವಾ ತುಂಬಿರ್ತೈತಿ, ಬೀಡಿ ಸೇದೂರನ್ನ ಬಾನೆಟ್ ಹತ್ರ ಬಿಡಬ್ಯಾಡ. ಕೆಲವರು ಆಯಿಲಿಗೆ ಬೆಂಕಿಕಡ್ಡಿ ಗೀರಿ ನೋಡ್ತಾರ, ಆ ಹುಚ್ಚಾಟ ಬ್ಯಾಡ. ಪೇಪರ್ ಮ್ಯಾಲ ಒಂದು ಹನಿ ಬಿಡು. ಕರೀ ಕಲೆಯ ಸುತ್ತ ತೆಳ್ಳನ ಉಂಗುರ ದೂರದ ತನಕ ಹರಡಿದ್ರ ಪೆಟ್ರೋಲ್ ಕೂಡೈತಿ.

ಗದಗ ಪದ್ಮಿನಿ:
ಕಾಕಾ, ಡಯಾಫ್ರಾಮ್ ಅಂತ ಗಟ್ಟಿ ಹೆಂಗ ಹೇಳ್ತೀರಿ? ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡಿಯೂ ನೀಡಲ್ ವಾಲ್ವ್ ಕೂಡ್ಲಿಲ್ಲ ಅಂದ್ರೂ ಓವರ್‌ಫ್ಲೋ ಆಗಿ ಮ್ಯಾನಿಫೋಲ್ಡ್, ಸಿಲಿಂಡರ್ ಮೂಲಕ ಆಯಿಲಿಗೆ ಪೆಟ್ರೋಲ್ ಇಳೀತೈತಲ್ಲ.

ಗ್ಯಾರೇಜ್ ಕಾಕಾ:
ಇಳೀತೈತಿ, ಇಲ್ಲ ಅನ್ನೂದಿಲ್ಲ. ಆದ್ರ ನೀಡಲ್ ಹೋದ್ರ ಸ್ಲೋದಾಗ ಕರೀ ಹೊಗಿ, ಕಾರ್ಬುರೇಟರ್ ಮೈಯೆಲ್ಲಾ ಹಸಿ, ಪ್ಲಗ್ ಕಾಡಿಗಿ ಹಚ್ಚಿದಂಗ ಇರ್ತಾವು. ಅಂವ ಹೇಳೂದು ಏರಿನಾಗ ಪೆಟ್ರೋಲ್ ಸಾಲೂದಿಲ್ಲ ಅಂತ. ಹೆಚ್ಚಾದಾಗ ಹಂಗ ಮುಗ್ಗರಿಸೂದಿಲ್ಲ. ಮ್ಯಾಲ ಈ ಗಾಡಿ ಟ್ಯಾಂಕ್ ಹಿಂದ, ಕಾರ್ಬುರೇಟರಿಗಿಂತ ಕೆಳಗೈತಿ. ನಿಂತ ಗಾಡಿದಾಗ ನೀಡಲ್ ಸೋರಿದ್ರ ಫ್ಲೋಟ್ ಚೇಂಬರಿನಾಗಿದ್ದಷ್ಟ ಹೋಗ್ತೈತಿ, ಒಂದು ಬೆರಳು ಏರೂದಿಲ್ಲ.

ಹಾವೇರಿ ಫಿಟ್ಟರ್:
ಕಾಕಾ ಹೇಳಿದ್ದು ಸರಿ. ಊಹಿಸೂದ್ಕಿಂತ ಬಾಟ್ಲಿ ಹಿಡದು ನೋಡೂದು ಛಲೋ. ಮೊದಲ ಹಳೇ ಆಯಿಲ್ ಪೂರಾ ಇಳಿಸಿ, ಹೊಸ ಫಿಲ್ಟರ್ ಹಾಕಿ, 20ಡಬ್ಲ್ಯೂ 50 ಆಯಿಲ್ ಹಾಕ್ರಿ. ಕಾಯಿಲ್ ವಾಯರ್ ಜಗ್ರಿ, ಕಿಡಿ ಬರಬಾರದು. ಕಾರ್ಬುರೇಟರಿಗೆ ಬರೂ ಪೈಪ್ ಬಿಚ್ಚಿ ಬಾಟ್ಲಿಯೊಳಗ ಬಿಟ್ಟು, ಇಂಜಿನ್ ತಣ್ಣಗಿದ್ದಾಗ ಸೆಲ್ಫ್ ಹೊಡಸ್ರಿ. ಛಲೋ ಪಂಪ್ ಇದ್ರ ಪಿಚಕಾರಿ ಹೊಡದಂಗ ತುಂಡು ತುಂಡಾಗಿ ಜೋರಿನಿಂದ ಬರ್ತೈತಿ. ನಳದ ನೀರು ತೊಟ್ಟಿಕ್ಕಿದಂಗ ಬಂದ್ರ ಪಂಪ್ ಬಿಚ್ರಿ. ಬಿಚ್ಚೂಕಿಂತ ಮೊದಲ ಪಂಪಿನ ಮ್ಯಾಲಿನ ಮುಚ್ಚಳ ತಗದು ಜಾಳಗಿ ನೋಡ್ರಿ. ಟ್ಯಾಂಕಿನ ಜಂಗು ಅಲ್ಲಿ ಕೂತಿದ್ರೂ ಏರಿನಾಗ ಇದ ತ್ರಾಸು ಆಗ್ತೈತಿ, ಆದ್ರ ಅದು ಆಯಿಲ್ ಏರಸೂದಿಲ್ಲ.

ಈಗ ಬಂಕಿನಾಗ ಬರೂದು ಇ20, ಅಂದ್ರ ನೂರಕ್ಕ 20 ಭಾಗ ಎಥನಾಲ್. ಹಳೇ ಡಯಾಫ್ರಾಮ್ ರಬ್ಬರ್, ಪೈಪ್ ರಬ್ಬರ್ ಎಥನಾಲಿಗೆ ತಡಿಯುವಂಥಾವಲ್ಲ. ಉಬ್ಬತಾವು, ಬಿರೀತಾವು. ಅದು ಹವಾದಾಗಿನ ನೀರೂ ಹೀರ್ತೈತಿ, ಗಾಡಿ ತಿಂಗಳಾನುಗಟ್ಟಲೆ ನಿಂತ್ರ ಟ್ಯಾಂಕ್ ತಳಕ್ಕ ಜಂಗು. ಕಿಟ್ ಕೊಳ್ಳೂಮುಂದ ಎಥನಾಲ್ ತಡಿಯೂ ರಬ್ಬರ್ ಏನು ಅಂತ ಕೇಳಿ ತಗೋರಿ. ಅಂಗಡ್ಯಾಗ ವರ್ಷಾನುಗಟ್ಟಲೆ ಬಿದ್ದ ಹಳೇ ಸ್ಟಾಕ್ ಕಿಟ್ ಪೆಟ್ಟಿಗ್ಯಾಗನ ಬಿರುಕು ಬಿಟ್ಟಿರ್ತೈತಿ.

ಗದಗ ಪದ್ಮಿನಿ:
ಎಥನಾಲ್ ಮಾಡೂ ಕಬ್ಬು ನಮ್ಮ ಕಡೇದ, ಫ್ಯಾಕ್ಟರಿ ನಮ್ಮ ಕಡೇವ, ಡಯಾಫ್ರಾಮ್ ಸೀಳೂದೂ ನಮ್ಮ ಗಾಡೀದ!

ಸಪ್ತಾಪುರ ಅಂಬಿ:
ಆತ್ರಿ, ಮಾಡಿದೆ. ಇಳಿಸಿದ ಆಯಿಲ್ ನೀರಿನಂಗ ತೆಳ್ಳಗ. ಬಾಟ್ಲಿಗೆ ಪೆಟ್ರೋಲ್ ತೊಟ್ಟಿಕ್ಕಿತು. ಪಂಪ್ ಬಿಚ್ಚಿ ನೋಡಿದ್ರ ಡಯಾಫ್ರಾಮಿನ ನಡುವಿನ ತಾಟಿನ ಅಂಚಿಗುಂಟ ಅರ್ಧ ಚಂದ್ರನಂಗ ಸೀಳಿತ್ತು. ಬೆಳಕಿಗೆ ಹಿಡಿದ್ರ ಕಾಣ್ತಿರ್ಲಿಲ್ಲ, ಬೆರಳಿಂದ ಬಗ್ಗಿಸಿದ್ರ ಬಾಯಿ ತಗೀತಿತ್ತು. ಗೋಕುಲ ರೋಡಿನ ಕಡೆ ಅಂಗಡ್ಯಾಗ ಕಿಟ್ ಸಿಕ್ತು. ಮಿಸ್ತ್ರಿ ಹಾಕಿ ಕೊಟ್ಟ.

ಪ್ರೆಶರ್ ಈಗ ಓಡೂಮುಂದ 50, ಬಿಸಿ ಸ್ಲೋದಾಗ 20. ಏರಿನಾಗ ಎಳೀತೈತಿ. ಆದ್ರ ಹೊಸಾ ತ್ರಾಸು: ಸ್ಲೋದಾಗ ಬಿಟ್ರ ಪೆಟ್ರೋಲ್ ವಾಸನಿ, ಹೊಗಿ ಕರಿ. ಬಿಸಿ ಇದ್ದಾಗ ಬಂದ್ ಮಾಡಿದ್ರ ಮತ್ತ ಚಾಲೂ ಆಗಾಕ ಸತಾಯಿಸ್ತೈತಿ.

ಗ್ಯಾರೇಜ್ ಕಾಕಾ:
ಪಂಪ್ ಮತ್ತ ಬ್ಲಾಕ್ ನಡುವ ಒಂದು ದಪ್ಪ ಕರೀ ಬೇಕಲೈಟ್ ತುಂಡು ಇತ್ತೇನು? ಎರಡೂ ಕಡೆ ತೆಳ್ಳನ ಪ್ಯಾಕಿಂಗ್? ಮಿಸ್ತ್ರಿ ಅದನ್ನ ವಾಪಸ್ ಹಾಕ್ಯಾನೋ, ಬರೇ ಪ್ಯಾಕಿಂಗ್ ಕತ್ತರಿಸಿ ಕೂಡಿಸ್ಯಾನೋ ನೋಡು.

ಸಪ್ತಾಪುರ ಅಂಬಿ:
ಕಾಕಾ, ಆ ತುಂಡು ಹಳೇ ಸಾಮಾನಿನ ಡಬ್ಬ್ಯಾಗ ಬಿದ್ದೈತಿ!

ಗ್ಯಾರೇಜ್ ಕಾಕಾ:
ಅದ ನೋಡು. ಆ ತುಂಡಿನ ದಪ್ಪದ ಮ್ಯಾಲ ಪಂಪಿನ ಕೈ ಎಷ್ಟು ಆಡ್ತೈತಿ ಅನ್ನೂದು ನಿಂತೈತಿ. ತಗದ್ರ ಕೈ ಕ್ಯಾಮಿನ ಹತ್ರ ಹೋಗಿ ಡಯಾಫ್ರಾಮನ್ನ ಹೆಚ್ಚು ಜಗ್ತೈತಿ, ಸ್ಪ್ರಿಂಗ್ ಹೆಚ್ಚು ಅಮುಕಿ ಪ್ರೆಶರ್ ಏರ್ತೈತಿ. ಕಾರ್ಬುರೇಟರಿಗೆ ಬೇಕಾದದ್ದು ಎರಡು ಪೌಂಡಿನ ಆಸುಪಾಸು. ಅದಕ್ಕಿಂತ ಭಾಳ ಆದ್ರ ನೀಡಲ್ ತಡಿಯೂದಿಲ್ಲ. ಜೊತಿಗೆ ಬ್ಲಾಕಿನ ಬಿಸಿ ಸೀದಾ ಪಂಪಿಗೆ ಏರಿ ಪೆಟ್ರೋಲ್ ಪೈಪಿನಾಗ ಹವಾ ಆಗ್ತೈತಿ, ಬಿಸಿ ಗಾಡಿ ಸತಾಯಿಸೂದು ಅದಕ್ಕ ಇರಬೇಕು. ಬೇಕಲೈಟ್ ಹಾಕಿಸು.

ಅದಾದ ಮ್ಯಾಲೂ ಓವರ್‌ಫ್ಲೋ ಇದ್ರ ಕಾರ್ಬುರೇಟರ್ ಮುಚ್ಚಳ ತಗದು ಪಿತ್ತಾಳಿ ಫ್ಲೋಟನ್ನ ಕಿವಿ ಹತ್ರ ಅಲ್ಲಾಡಿಸು. ಒಳಗ ಪೆಟ್ರೋಲ್ ಕುಲುಕಿದ್ರ ತೂತಾಗೈತಿ. ಸಣ್ಣ ತೂತಿದ್ರ ಬಿಸಿ ನೀರಿನಾಗ ಅದ್ದು, ಗುಳ್ಳಿ ಏಳ್ತೈತಿ. ಫ್ಲೋಟ್ ಛಲೋ ಇದ್ರ ನೀಡಲ್ ವಾಲ್ವ್ ಸೀಟಿನ ಕೆಳಗಿನ ವಾಶರ್ ನೋಡು. ಸೋಲೆಕ್ಸಿನಾಗ ಪೆಟ್ರೋಲ್ ಲೆವಲ್ ಆ ವಾಶರಿನ ದಪ್ಪದ ಮ್ಯಾಲ ನಿಂತಿರ್ತೈತಿ. ಜೆಟ್ ಊದಿಸಿದಾಗ ಯಾರರ ತೆಳ್ಳಂದು ಹಾಕಿದ್ರ ಲೆವಲ್ ಏರ್ತೈತಿ. ಮಿಕ್ಸ್ಚರ್ ಸ್ಕ್ರೂ ತಿರುವಾಡಿ ಇದನ್ನ ಮುಚ್ಚಾಕ ಹೋಗಬ್ಯಾಡ.

ಹಾವೇರಿ ಫಿಟ್ಟರ್:
ಒಂದು ಮಾತು ಸೇರಸ್ತೀನಿ. ಪ್ರೆಶರ್ ಮುಂದ ಯಾವಾಗರ ಮತ್ತ ಕಡಿಮಿ ಆದ್ರ ಮೊದಲ ಕಡ್ಡಿ ನೋಡ್ರಿ, ಆಮ್ಯಾಲ ಹೆಚ್ಚಾದ ಆಯಿಲ್ ಪ್ರೆಶರ್ ಇಳಸೂ ರಿಲೀಫ್ ವಾಲ್ವ್. ಬ್ಲಾಕಿನ ಹಿಂಭಾಗದ ಬಾಜೂಕ ಗುಂಡು ತಲಿಯ ನಟ್ ಐತಲ್ಲ, ಅದರ ಒಳಗ ಸ್ಪ್ರಿಂಗ್, ಲೋಟದಂಥಾ ತುಂಡು. ಕಸ ಸಿಕ್ಕೊಂಡು ಅದು ಕೂಡ್ಲಿಲ್ಲ ಅಂದ್ರ ಆಯಿಲ್ ಅಲ್ಲಿಂದನ ವಾಪಸ್ ಚೇಂಬರಿಗೆ ಓಡ್ತೈತಿ. ತೊಳದು ಹಾಕ್ರಿ. ಸ್ಪ್ರಿಂಗ್ ಜಗ್ಗಿ ಉದ್ದ ಮಾಡೂದು, ಹಿಂದ ವಾಶರ್ ತುರುಕೂದು ಬ್ಯಾಡ. ಗೇಜ್ ನಂಬಿಗಿ ಬರ್ಲಿಲ್ಲ ಅಂದ್ರ ಬ್ಯಾರೆ ಗಾಡಿ ಗೇಜ್ ಕಟ್ಟಿ ಹೋಲಿಸಿ ನೋಡ್ರಿ.

ಸಪ್ತಾಪುರ ಅಂಬಿ:
ಬೇಕಲೈಟ್ ಹಾಕಿಸಿದೆ, ವಾಸನಿ ನಿಂತು ಹೊಗಿ ತಿಳಿ ಆತು. ಫ್ಲೋಟ್ ಕುಲುಕಲಿಲ್ಲ, ವಾಶರ್ ಮುಟ್ಟಿಲ್ಲ. ಬಿಸಿ ಗಾಡಿ ಈಗ ಒಂದ ಸೆಲ್ಫಿಗೆ ಏಳ್ತೈತಿ. ಕಾಕಾ, ಈಗ ಹಾಕಿದ ಆಯಿಲ್ ಎಷ್ಟು ಓಡಿಸಿ ಬದಲಿಸಲಿ? ಹಳೇ ಪೆಟ್ರೋಲ್ ಒಳಗ ಸ್ವಲ್ಪರ ಉಳದಿರ್ತೈತಲ್ಲ.

ಗ್ಯಾರೇಜ್ ಕಾಕಾ:
300 ಕಿಲೋಮೀಟರ್ ಓಡಿಸಿ ಇಳಿಸಿಬಿಡು, ಸೋವಿ ಆಯಿಲ್ ಆದ್ರೂ ನಡೀತೈತಿ. ಅಲ್ಲೀತನಕ ಪ್ರತಿ ಸಲ ಚಾಲೂ ಮಾಡೂಕಿಂತ ಮೊದಲ ಕಡ್ಡಿ ನೋಡು. ಲೆವಲ್ ಕೂದಲೆಳೆಯಷ್ಟ ಏರಿದ್ರೂ ಪಂಪ್ ಮತ್ತ ಬಿಚ್ಚು.