ಉಬುಂಟು ತೆಗೆದ ಮೇಲೆ ಗ್ರಬ್‌ನಲ್ಲೇ ನಿಲ್ಲುತ್ತಿದೆ, ವಿಂಡೋಸ್ ಬೂಟ್ ಮೊದಲಿನ ಹಾಗೆ ಮಾಡುವುದು ಹೇಗೆ?

ಪ್ರಶ್ನೆ:
ವಿಂಡೋಸ್ 11 ಜೊತೆ ಉಬುಂಟು (ಲಿನಕ್ಸ್) ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಉಬುಂಟು ಪಾರ್ಟಿಶನ್ ಡಿಲೀಟ್ ಮಾಡಿದ್ದಾಯ್ತು. ಈಗ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಗ್ರಬ್>’ ಅಂತಷ್ಟೇ ಬರುತ್ತದೆ. ಯುಇಎಫ್‌ಐ (ಹಳೆಯ ಬಯಾಸ್ ಬದಲಿಗೆ ಬಂದ ವ್ಯವಸ್ಥೆ) ಇರುವ ಯಂತ್ರ, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆ. ಡೇಟಾ ಹೋಗಬಾರದು.

ಉತ್ತರ 1:
ಗಾಬರಿ ಬೇಡ, ವಿಂಡೋಸ್ ಇದ್ದಲ್ಲೇ ಇದೆ. ಗ್ರಬ್ ಅಂದರೆ ಉಬುಂಟು ಹಾಕಿದ ಬೂಟ್ ಲೋಡರ್, ಯಂತ್ರ ಆನ್ ಆದಾಗ ಯಾವ ಸಿಸ್ಟಂ ಶುರು ಮಾಡಬೇಕೆಂದು ಕೇಳುವ ಪ್ರೋಗ್ರಾಂ. ಅದು ಎರಡು ಕಡೆ ಹಂಚಿಕೊಂಡಿರುತ್ತದೆ: ಶುರು ಮಾಡುವ ಫೈಲ್ ಇಎಫ್‌ಐ ಪಾರ್ಟಿಶನ್‌ನಲ್ಲಿ (ಬೂಟ್ ಫೈಲ್‌ಗಳಿರುವ ಚಿಕ್ಕ ಪಾರ್ಟಿಶನ್), ಮೆನು ಲಿನಕ್ಸ್ ಪಾರ್ಟಿಶನ್‌ನಲ್ಲಿ. ನೀವು ಅಳಿಸಿದ್ದು ಎರಡನೆಯದನ್ನು. ಮೊದಲನೆಯದು ಇನ್ನೂ ಬೂಟ್ ಸಾಲಿನಲ್ಲಿ ಮುಂದಿದೆ, ಮೆನು ಸಿಗದೆ ಅಲ್ಲೇ ನಿಲ್ಲುತ್ತಿದೆ.

ಮೊದಲು ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳಿ. ಬೂಟ್ ದಾರಿ ಬದಲಾದರೆ ಅದನ್ನು ಕೇಳಬಹುದು. ಆಮೇಲೆ ಆ ಪರದೆಯಲ್ಲೇ ‘ಎಕ್ಸಿಟ್’ ಟೈಪ್ ಮಾಡಿ. ಬಹಳಷ್ಟು ಯಂತ್ರಗಳಲ್ಲಿ ಅದು ಮುಂದಿನ ಬೂಟ್ ಎಂಟ್ರಿಗೆ, ಅಂದರೆ ವಿಂಡೋಸ್‌ಗೆ ಹೋಗುತ್ತದೆ. ಹೋಗದಿದ್ದರೆ ಬಯಾಸ್ ಸೆಟಪ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತನ್ನಿ.

ವಿಂಡೋಸ್ ಬಂದ ಮೇಲೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

ಮೌಂಟ್‌ವೋಲ್ ಎಸ್: /ಎಸ್
ಆರ್‌ಡಿ /ಎಸ್ ಎಸ್:\ಇಎಫ್‌ಐ\ಉಬುಂಟು

ಪಕ್ಕದ ‘ಮೈಕ್ರೋಸಾಫ್ಟ್’ ಫೋಲ್ಡರ್ ಮುಟ್ಟಲೇಬೇಡಿ. ಜಾಗ ಉಳಿಸಲು ಇಎಫ್‌ಐ ಪಾರ್ಟಿಶನ್ ಫಾರ್ಮ್ಯಾಟ್ ಮಾಡುವವರಿದ್ದಾರೆ. ಅದು ಸಾಮಾನ್ಯವಾಗಿ 100ರಿಂದ 260 ಎಂಬಿ ಅಷ್ಟೇ, ಆದರೆ ವಿಂಡೋಸ್ ಶುರುವಾಗುವುದೇ ಅಲ್ಲಿಂದ.

ಉತ್ತರ 2:
ಮೇಲಿನದರ ಜೊತೆಗೆ, ಬೂಟ್ ಮೆನುವಿನಲ್ಲಿ ‘ಉಬುಂಟು’ ಹೆಸರು ಉಳಿದಿದ್ದರೆ ‘ಬಿಸಿಡಿಎಡಿಟ್ /ಎನಮ್ ಫರ್ಮ್‌ವೇರ್’ ಕೊಡಿ. ವಿವರಣೆಯಲ್ಲಿ ಉಬುಂಟು ಎಂದಿರುವ ಎಂಟ್ರಿಯ ಐಡಿಯನ್ನು ಪುಷ್ಪ ಆವರಣದ ಸಮೇತ ಕಾಪಿ ಮಾಡಿ ‘ಬಿಸಿಡಿಎಡಿಟ್ /ಡಿಲೀಟ್’ ಮುಂದೆ ಹಾಕಿ.

ವಿಂಡೋಸ್ ಬರದೇ ಹೋದರೆ ಮಾತ್ರ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ವೋಲ್’ ನೋಡಿ, ಚಿಕ್ಕ ಫ್ಯಾಟ್32 ವಾಲ್ಯೂಮ್ ಆರಿಸಿ ಅದಕ್ಕೆ ಎಸ್ ಅಕ್ಷರ ಕೊಡಿ. ವಿಂಡೋಸ್ ಇರುವ ಡ್ರೈವ್ ಬಿಟ್‌ಲಾಕರ್‌ನಲ್ಲಿ ಲಾಕ್ ಆಗಿದ್ದರೆ ಕೀ ಕೊಟ್ಟು ತೆರೆಯಿರಿ. ಆಮೇಲೆ (ವಿಂಡೋಸ್‌ಗೆ ಅಲ್ಲಿ ಬೇರೆ ಅಕ್ಷರ ಬಂದಿದ್ದರೆ ಸಿ ಬದಲು ಅದನ್ನು ಹಾಕಿ):

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಎಂದು ಎಲ್ಲ ಕಡೆ ಹೇಳುತ್ತಾರೆ. ಅದು ಹಳೆಯ ಬಯಾಸ್, ಎಂಬಿಆರ್ (ಹಳೆಯ ಪಾರ್ಟಿಶನ್ ಪದ್ಧತಿಯ) ಡಿಸ್ಕ್‌ಗಳ ಔಷಧಿ. ನಿಮ್ಮದಕ್ಕೆ ಉಪಯೋಗವಿಲ್ಲ.

ಪ್ರಶ್ನೆ ಕೇಳಿದವರು:
ಎಕ್ಸಿಟ್ ಕೊಟ್ಟ ತಕ್ಷಣ ವಿಂಡೋಸ್ ಬಂತು, ಫೋಲ್ಡರ್ ಹೋಯ್ತು. ಆದರೆ ಪವರ್‌ಶೆಲ್‌ನಲ್ಲಿ ಬಿಸಿಡಿಎಡಿಟ್ ಡಿಲೀಟ್ ಎರರ್ ಕೊಡುತ್ತಿದೆ. ಗಡಿಯಾರವೂ ಐದೂವರೆ ಗಂಟೆ ಹಿಂದಿದೆ.

ಉತ್ತರ 2:
ಪವರ್‌ಶೆಲ್ ಪುಷ್ಪ ಆವರಣಕ್ಕೆ ಬೇರೆ ಅರ್ಥ ಹಚ್ಚುತ್ತದೆ. ಐಡಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲವೇ ಕಮಾಂಡ್ ಪ್ರಾಂಪ್ಟ್‌ನಲ್ಲೇ ಕೊಡಿ. ಗಡಿಯಾರ ಕೆಟ್ಟಿಲ್ಲ: ಉಬುಂಟು ಮದರ್‌ಬೋರ್ಡ್ ಗಡಿಯಾರವನ್ನು ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಇಟ್ಟಿತ್ತು, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತಿದೆ. ಸೆಟ್ಟಿಂಗ್ಸ್‌ನ ಸಮಯದ ಪುಟದಲ್ಲಿ ‘ಸಿಂಕ್ ನೌ’ ಒಂದು ಸಲ ಒತ್ತಿ. ಉಬುಂಟು ಇಲ್ಲದ ಮೇಲೆ ಮತ್ತೆ ಹಿಂದೆ ಸರಿಯುವುದಿಲ್ಲ.