ಏಳು ತಿಂಗಳ ಕೂಸು, ಟೆಕ್ಸಾಸ್‌ನಲ್ಲಿ ದಡಾರ, ಲಸಿಕೆ ಬೇಡವೆನ್ನುವ ಗೆಳತಿ: ನೀವಾಗಿದ್ದರೆ ಏನು ಮಾಡ್ತಿದ್ರಿ?

ಅರ್ವಿಂಗ್‌ನಿಂದ ಒಬ್ಬ ಅಮ್ಮ, ಏಪ್ರಿಲ್ 2025

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಕೇಳ್ತಿದ್ದೀನಿ. ಮಗಳಿಗೆ ಈಗ ಏಳು ತಿಂಗಳು. ಜನವರಿ ಕೊನೆಗೆ ಪಶ್ಚಿಮ ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ ಶುರುವಾದ ದಡಾರ ಈ ವಾರ 500 ಜನರನ್ನ ದಾಟಿತು. ಲಸಿಕೆ ಹಾಕಿಸಿಕೊಂಡಿರದ ಇಬ್ಬರು ಶಾಲಾ ಮಕ್ಕಳು ತೀರಿಕೊಂಡಿದ್ದಾರೆ. ಇಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ ಎಂಎಂಆರ್ ಲಸಿಕೆ ಕೊಡೋದೇ ವರ್ಷ ತುಂಬಿದ ಮೇಲೆ. ಅಲ್ಲಿವರೆಗೆ ಇವಳನ್ನ ಎಲ್ಲಿ ಬಚ್ಚಿಡಲಿ?

ಇನ್ನೊಂದು ಸಂಕಟ ಇದಕ್ಕಿಂತ ದೊಡ್ಡದು. ನನಗಿಲ್ಲಿ ಅಕ್ಕನ ಹಾಗಿರೋ ಗೆಳತಿಯೊಬ್ಬರಿದ್ದಾರೆ. ಅಮ್ಮನಿಗೆ ವೀಸಾ ಸಿಗದೆ ಬಾಣಂತನ ಯಾರು ಮಾಡ್ತಾರೆ ಅಂತ ಅಳ್ತಾ ಕೂತಿದ್ದಾಗ ದಿನಾ ಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿದ ಅನ್ನ ತಂದುಕೊಟ್ಟವರು ಅವರು. ಅವರ ಇಬ್ಬರು ಮಕ್ಕಳಿಗೂ ಎಂಎಂಆರ್ ಹಾಕಿಸಿಲ್ಲ. ಟೆಕ್ಸಾಸ್‌ನಲ್ಲಿ 'ಆತ್ಮಸಾಕ್ಷಿಯ ಕಾರಣ' ಅಂತ ಅಫಿಡವಿಟ್ ಕೊಟ್ಟರೆ ಶಾಲೆ ಸೇರಿಸಿಕೊಳ್ಳುತ್ತೆ, 2003ರಿಂದ ಹಾಗೇ ಇದೆ. ಅವರೂ ಕೊಟ್ಟಿದ್ದಾರೆ. ಈ ತಿಂಗಳ ಕೊನೆಗೆ ಮಗಳ ಅನ್ನಪ್ರಾಶನ. ಜೂನ್‌ನಲ್ಲಿ ಬೆಂಗಳೂರಿಗೆ ಟಿಕೆಟ್ ಬೇರೆ ಆಗಿದೆ. ಅವರನ್ನ ಬರಬೇಡಿ ಅನ್ನೋದು ಹೇಗೆ? ಅನ್ನಬೇಕಾ? ಇಂಥದ್ದು ಅನುಭವಿಸಿದವರು ಹೇಳಿ.

ಲಬಕ್‌ನಿಂದ

ಗೇನ್ಸ್ ಕೌಂಟಿಯ ಸೆಮಿನೋಲ್‌ನಿಂದ ನಮ್ಮೂರಿಗೆ ಒಂದೂವರೆ ಗಂಟೆ ದಾರಿ. ಅಲ್ಲಿ ಕಾಯಿಲೆ ಜೋರಾದ ಮಕ್ಕಳನ್ನ ಇಲ್ಲಿಗೇ ಕರೆತರೋದು. ಫೆಬ್ರವರಿ ಕೊನೆಯಲ್ಲಿ ಮೊದಲ ಮಗು ತೀರಿಕೊಂಡದ್ದೂ ಇಲ್ಲೇ. ಅಮೆರಿಕದಲ್ಲಿ 2015ರ ನಂತರ ದಡಾರದಿಂದ ಆದ ಮೊದಲ ಸಾವು ಅದು. ಆ ದಿನ ಡೇಕೇರ್‌ಗೆ ಮಗನನ್ನ ಬಿಡೋಕೆ ಹೋಗಿ ಬಾಗಿಲಲ್ಲೇ ನಿಂತುಬಿಟ್ಟೆ, ಒಳಗೆ ಕಳಿಸೋಕೆ ಕೈ ಬರಲಿಲ್ಲ.

ನಿಮಗೆ ಬೇಗ ತಿಳಿಯಬೇಕಾದ್ದು ಇದು: ವರ್ಷ ತುಂಬೋವರೆಗೆ ಕಾಯಲೇಬೇಕು ಅಂತಿಲ್ಲ. ನಮ್ಮ ಕೌಂಟಿಯಂಥ ಕಡೆ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಒಂದು ಮುಂಚಿತ ಡೋಸ್ ಹಾಕಿಸಿ ಅಂತ ರಾಜ್ಯದ ಆರೋಗ್ಯ ಇಲಾಖೆಯೇ ಹೇಳಿದೆ. ನಿಮ್ಮ ಡಲ್ಲಾಸ್ ಕಡೆಗೆ ಆ ಸೂಚನೆ ಇಲ್ಲದಿದ್ದರೂ ನೀವು ಇಂಡಿಯಾಕ್ಕೆ ಹೊರಟಿದ್ದೀರಲ್ಲ, ಹೊರದೇಶಕ್ಕೆ ಹೋಗೋ ಆ ವಯಸ್ಸಿನ ಮಕ್ಕಳಿಗೆ ಯಾವಾಗಲೂ ಈ ಡೋಸ್ ಉಂಟು. ಪ್ರಯಾಣಕ್ಕೆ ಎರಡು ವಾರ ಮುಂಚೆಯಾದರೂ ಆಗಿರಬೇಕು. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ "ಜೂನ್‌ನಲ್ಲಿ ಬೆಂಗಳೂರು" ಅನ್ನಿ ಸಾಕು. ಆದರೆ ಈ ಡೋಸ್ ಲೆಕ್ಕಕ್ಕೆ ಬರಲ್ಲ. ವರ್ಷ ತುಂಬಿದ ಮೇಲೆ ಒಂದು, ನಾಲ್ಕರಿಂದ ಆರು ವರ್ಷದೊಳಗೆ ಇನ್ನೊಂದು ಹಾಕಿಸಲೇಬೇಕು. ನಮ್ಮವನಿಗೆ ಎಂಟು ತಿಂಗಳಲ್ಲಿ ಹಾಕಿಸಿದ್ವಿ. ಒಂಬತ್ತನೇ ದಿನ ಒಂದು ರಾತ್ರಿ ಜ್ವರ ಬಂತು, ಬೆಳಗ್ಗೆ ಹೊತ್ತಿಗೆ ಗಂಜಿಗೆ ಬಾಯಿ ತೆರೆದ.

ಮನೆಗೆ ಕರೆಯೋ ವಿಷಯ. ಗೆಳತಿಯ ಮಕ್ಕಳು ಸೋಂಕು ತಗುಲದೆ ಆರೋಗ್ಯವಾಗಿದ್ದರೆ ಅವರಿಂದ ಏನೂ ಬರಲ್ಲ, ಅದು ನ್ಯಾಯವಾದ ಮಾತು. ತೊಂದರೆ ಇರೋದು ತಿಳಿಯೋದರಲ್ಲಿ. ಮೈಮೇಲೆ ಗುಳ್ಳೆ ಏಳೋಕೆ ನಾಲ್ಕು ದಿನ ಮುಂಚೆಯೇ ದಡಾರ ಹರಡೋಕೆ ಶುರುವಾಗುತ್ತೆ, ಆಗ ನೋಡಿದರೆ ಬರೀ ನೆಗಡಿ, ಕೆಮ್ಮು, ಕೆಂಪು ಕಣ್ಣು. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆವರೆಗೆ ಇರಬಹುದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಅಂಟುತ್ತೆ.

ಹ್ಯೂಸ್ಟನ್‌ನಿಂದ

ಇಂಡಿಯಾದಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಿದ ದಡಾರದ ಡೋಸನ್ನ ಇಲ್ಲಿ ಎಣಿಸಲ್ಲ, ವರ್ಷ ತುಂಬೋ ಮುಂಚಿನದು ಅಂತ. ತಾಯಿ ಕಾರ್ಡ್ ಎದುರಿಗಿಟ್ಟುಕೊಂಡು ತಾರೀಖು ನೋಡಿ. ನಮ್ಮ ದೊಡ್ಡವಳಿಗೆ 'ಎಲ್ಲಾ ಆಗಿದೆ' ಅಂದುಕೊಂಡಿದ್ವಿ, ಕಿಂಡರ್‌ಗಾರ್ಟನ್‌ಗೆ ಸೇರಿಸೋವಾಗ ಗೊತ್ತಾಯ್ತು ಒಂದು ಕಡಿಮೆ ಅಂತ.

ಅರ್ವೈನ್, ಕ್ಯಾಲಿಫೋರ್ನಿಯಾದಿಂದ

ನನ್ನ ಮಗನಿಗೆ ಐದು ತಿಂಗಳಿದ್ದಾಗ, 2014ರ ಡಿಸೆಂಬರ್‌ನಲ್ಲಿ, ನಮ್ಮ ಪಕ್ಕದ ಅನಹೈಮ್‌ನ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿತ್ತು. ಕ್ಯಾಲಿಫೋರ್ನಿಯಾ ಒಂದರಲ್ಲೇ 100ಕ್ಕೂ ಹೆಚ್ಚು ಜನಕ್ಕೆ ಬಂತು. ಅವನಿಗೆ ಮುಂಚಿತ ಡೋಸ್‌ಗೂ ವಯಸ್ಸಾಗಿರಲಿಲ್ಲ. ಆ ಭಯದಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬೇಡಿ. ಲಸಿಕೆ ಹಾಕಿಸದ ಗೆಳತಿಯೊಬ್ಬಳನ್ನ ನಲವತ್ತು ಜನ ಇರೋ ಗುಂಪಿನಲ್ಲಿ ಹೆಸರು ಹಿಡಿದು ಬೈದೆ. ಎಲ್ಲರೂ ನನ್ನ ಪರವೇ ಮಾತಾಡಿದರು. ಅವಳು ಗುಂಪು ಬಿಟ್ಟಳು, ಆಮೇಲೆ ತನ್ನ ಹಾಗೆ ಹೆದರಿದವರನ್ನೇ ಹುಡುಕಿಕೊಂಡು ಹೋದಳು. ಅವಳ ಭಯಕ್ಕೆ ಉತ್ತರ ಕೊಡಬಹುದಾಗಿದ್ದವಳು ನಾನೊಬ್ಬಳೇ ಆಗಿದ್ದೆ.

2015ರಲ್ಲಿ ಇಲ್ಲಿ ಶಾಲಾ ಮಕ್ಕಳ ಲಸಿಕೆಯ ಕಾನೂನೇ ಬದಲಾಯಿತು. ಮಂಡಿಸಿದವರಲ್ಲಿ ಒಬ್ಬರಾದ ಸೆನೆಟರ್ ರಿಚರ್ಡ್ ಪ್ಯಾನ್ ಮಕ್ಕಳ ಡಾಕ್ಟರು. ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ನೂರಾರು ತಂದೆತಾಯಿ ಮಕ್ಕಳನ್ನ ಎತ್ತಿಕೊಂಡು ವಿರೋಧಿಸಿದರು. ಕೊನೆಗೆ ವೈಯಕ್ತಿಕ ನಂಬಿಕೆಯ ವಿನಾಯಿತಿ ಹೋಯಿತು, 2016ರ ಜುಲೈಯಿಂದ ಜಾರಿಗೆ ಬಂತು. ನಾನು ಆ ಕಾನೂನಿನ ಪರ. ಆದರೆ ನನ್ನ ಗೆಳತಿ ಮಕ್ಕಳನ್ನ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದಳೇ ಹೊರತು ಸೂಜಿ ಹಾಕಿಸಲಿಲ್ಲ. ನಿಮ್ಮ ಗೆಳತಿಯ ಹತ್ತಿರ ನೇರವಾಗಿ ಮಾತಾಡಿ, ಒಬ್ಬರೇ ಹೋಗಿ.

ಆಸ್ಟಿನ್‌ನಿಂದ

ನನ್ನ ಮಾತು ಇಲ್ಲಿ ಯಾರಿಗೂ ಹಿಡಿಸಲ್ಲ ಅಂತ ಗೊತ್ತು. ನಾನು ಲಸಿಕೆಯ ವಿರೋಧಿ ಅಲ್ಲ, ನನ್ನ ಮಕ್ಕಳಿಗೆ ಕೆಲವು ಹಾಕಿಸಿದ್ದೀನಿ. ಆದರೆ ನನ್ನ ಮಗುವಿನ ಮೈಗೆ ಏನು ಹೋಗಬೇಕು ಅಂತ ಸರ್ಕಾರ ಹೇಳೋದು ನನಗೆ ಸರಿ ಕಾಣಲ್ಲ. ನಾವು ಚಿಕ್ಕವರಿದ್ದಾಗ ಊರಲ್ಲಿ ದಡಾರ ಬಂದರೆ ಬೇವಿನ ಸೊಪ್ಪಿನ ಮೇಲೆ ಮಲಗಿಸ್ತಿದ್ರು, ವಾರದಲ್ಲಿ ವಾಸಿಯಾಗ್ತಿತ್ತು. ಈಗ ವಿಟಮಿನ್ ಎ ಇದೆ. ಇಷ್ಟು ಹೆದರಿಸೋ ಅಗತ್ಯ ಇದೆಯಾ?

ತಿಪಟೂರಿನಿಂದ ಒಬ್ಬ ಅಜ್ಜಿ (ಮೊಮ್ಮಗಳು ಬರೆದುಕೊಡ್ತಿದ್ದಾಳೆ)

ಆಸ್ಟಿನ್ನಿನ ಅಪ್ಪಾ, ನಮ್ಮ ಮನೇಲೂ ಬೇವಿನ ಸೊಪ್ಪಿನ ಮೇಲೇ ಮಲಗಿಸಿದ್ರು. ನಾನು, ನಮ್ಮಕ್ಕ, ನನ್ನ ತಮ್ಮ ಮೂವರೂ ಒಂದೇ ಚಾಪೆ ಮೇಲೆ. ಅಮ್ಮ ಬಂದವಳೆ ಅಂತ ಒಗ್ಗರಣೆ ಹಾಕಲಿಲ್ಲ, ಬಾಗಿಲಿಗೆ ಬೇವು ಕಟ್ಟಿದ್ರು. ನಾವಿಬ್ಬರು ಎದ್ವಿ. ತಮ್ಮನಿಗೆ ಗುಳ್ಳೆ ಇಳಿದ ಮೇಲೆ ಎದೆ ಕಟ್ಟಿತು. ಎರಡು ವರ್ಷದ ಕೂಸು, ಉಸಿರಾಡೋಕೆ ಪಕ್ಕೆ ಒಳಕ್ಕೆ ಹೋಗ್ತಿತ್ತು. ಐದು ದಿನ. ನಮ್ಮವ್ವ ಸಾಯೋತನಕ ಬೇವಿನ ಮರದ ಕೆಳಗೆ ಕೂರಲಿಲ್ಲ. ನೀನು ವಾಸಿಯಾಗ್ತಿತ್ತು ಅಂತೀಯಲ್ಲ, ನಿಮ್ಮೂರಲ್ಲಿ ವಾಸಿಯಾಗದೆ ಹೋದ ಮಕ್ಕಳ ಹೆಸರು ನಿಮ್ಮಜ್ಜಿನ ಕೇಳು.

ಹುಬ್ಬಳ್ಳಿಯ ಒಬ್ಬ ಮಕ್ಕಳ ಡಾಕ್ಟರು

ಅಜ್ಜಿ ಹೇಳಿದ್ದು ನ್ಯುಮೋನಿಯಾ. ದಡಾರದಾಗ ಮಕ್ಕಳು ಸಾಯೂದು ಹೆಚ್ಚಾಗಿ ಅದರಿಂದನ. ನಮ್ಮ ಕಡೆ ದಡಾರಕ್ಕ ಗೊಬ್ಬರ ಅಂತಾರ, ಹೆಸರು ಯಾವುದಾದರೇನು.

ಆಸ್ಟಿನ್ ಸರ್, ವಿಟಮಿನ್ ಎ ಬಗ್ಗೆ ನೀವು ಹೇಳಿದ್ದು ಅರ್ಧ ಖರೆ ಐತಿ. ದಡಾರ ಬಂದ ಮಗುವಿಗೆ ನಾವೂ ಕೊಡತೀವಿ, ಎರಡು ದಿನ, ತೂಗಿ ಅಳೆದು. ಕಣ್ಣು ಉಳೀತಾವ. ಆದ್ರ ಅದು ರೋಗ ತಡಿಯೂದಿಲ್ರಿ. ನಮ್ಮ ಪಿಎಚ್‌ಸಿಯೊಳಗ ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕೂ ದಿನನ ವಿಟಮಿನ್ ಎ ಸಿರಪ್ ಬಾಯಿಗೆ ಬಿಡತಾರ. ಒಂದಕ್ಕ ಬದಲಾಗಿ ಇನ್ನೊಂದು ಅಲ್ಲ, ಎರಡೂ. ಮನ್ಯಾಗ ತಾವ ಅಂದಾಜಿನ ಮ್ಯಾಲ ಕೊಟ್ರ ಅದು ಮೈಯಾಗ ಉಳದು ಲಿವರ್‌ಗೆ ಪೆಟ್ಟು ಕೊಡತದ. ನಿಮ್ಮ ಟೆಕ್ಸಾಸ್‌ನಾಗ ಈ ಸಲ ಅಂಥ ಮಕ್ಕಳೂ ಆಸ್ಪತ್ರೆಗೆ ಬಂದಾವ.

ಹೆದರಿದ ಪಾಲಕರನ್ನ ನಾ ಭಾಳ ನೋಡೀನಿ. 2017ರ ಫೆಬ್ರವರಿಯೊಳಗ ದಡಾರ-ರುಬೆಲ್ಲಾ ಅಭಿಯಾನ ದೇಶದಾಗ ಮೊದಲು ಶುರು ಆಗಿದ್ದು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪದಾಗ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲಾ ಮಕ್ಕಳಿಗೂ. ವಾಟ್ಸಾಪಿನ್ಯಾಗ ಏನೇನೋ ಬಂತು: ಮಕ್ಕಳಾಗೂದಿಲ್ಲ, ಮೊದಲ ಹಾಕಿಸಿದವರಿಗೆ ಮತ್ತ ಯಾಕ, ಹಂಗ, ಹಿಂಗ. ನಾ ಹೋದ ಒಂದು ಸಾಲಿಯೊಳಗ ಅರ್ಧಕ್ಕರ್ಧ ಮಕ್ಕಳು ಆ ದಿನ ಗೈರುಹಾಜರು. ನಾ ಅಂಕಿಸಂಖ್ಯೆ ಹೇಳಿ ಹೇಳಿ ಸುಸ್ತಾದೆ. ಮರುದಿನ ಹೆಡ್‌ಮಾಸ್ತರು ಪಾಲಕರನ್ನ ಕರೆಸಿ, ಏನೂ ಮಾತಾಡದ ತಮ್ಮ ಮಗಳನ್ನ ಎಲ್ಲರ ಮುಂದ ಕುರ್ಚಿ ಮ್ಯಾಲ ಕುಂದರಿಸಿ ಮೊದಲ ಸೂಜಿ ಹಾಕಿಸಿದ್ರು. ಆಮ್ಯಾಲ ಸಾಲು ಹತ್ತಿತು. ಅವತ್ತಿನಿಂದ ನಾ ಯಾರನ್ನೂ ದಡ್ಡರು ಅನ್ನೂದಿಲ್ಲ. 'ನಿಮಗ ಯಾವುದರ ಅಂಜಿಕಿ ಐತಿ' ಅಂತ ಮೊದಲ ಕೇಳತೀನಿ.

ನ್ಯೂಜೆರ್ಸಿಯಿಂದ ಒಬ್ಬ ಅಪ್ಪ

ಡಾಕ್ಟರು ಹೇಳಿದ ಹೆದರಿದ ಪಾಲಕ ನಾನೇ. ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ದೊಡ್ಡ ಮಗನಿಗೆ ಹದಿನೈದು ತಿಂಗಳಿಗೆ ಎಂಎಂಆರ್ ಆಯಿತು. ಹದಿನೆಂಟಕ್ಕೆ ಮಾತು ಬರಲಿಲ್ಲ, ಬಂದಿದ್ದ ಒಂದೆರಡೂ ನಿಂತವು. ಎರಡೂವರೆಗೆ ಆಟಿಸಂ ಅಂದರು. ಸೂಜಿ ಮೊದಲು, ಮಾತು ನಿಂತದ್ದು ಆಮೇಲೆ. ರಾತ್ರಿಯೆಲ್ಲಾ ಕೂತು ಓದಿದರೆ ಸಿಗೋದೆಲ್ಲಾ ನಾನು ನಂಬೋಕೆ ತಯಾರಿದ್ದದ್ದೇ. ಯಾರನ್ನಾದರೂ ದೂರಬೇಕಿತ್ತು ನನಗೆ. ಎರಡನೆಯವಳು ಹುಟ್ಟಿದಾಗ ಎಂಎಂಆರ್ ಬೇಡ ಅಂದೆ. ಹೆಂಡತಿ ಒಪ್ಪಲಿಲ್ಲ. ನಾನೂ ಸೋಲಲಿಲ್ಲ, ಮೂರು ವರ್ಷ.

ನನ್ನ ಮನಸ್ಸು ತಿರುಗಿಸಿದ್ದು ಬೈಗುಳ ಅಲ್ಲ. ಹೊಸ ಡಾಕ್ಟರೊಬ್ಬರು, ವಯಸ್ಸಾದ ಹೆಂಗಸು, ಪೂರ್ತಿ ಕೇಳಿಸಿಕೊಂಡರು. ಕೊನೆಗೆ "ಅವನ ಮೊದಲ ಹುಟ್ಟುಹಬ್ಬದ ವಿಡಿಯೋ ಇದೆಯಾ?" ಅಂದರು. ಫೋನ್‌ನಲ್ಲೇ ಇತ್ತು. ಕೇಕ್ ಮುಂದೆ ಕೂರಿಸಿದ್ದೀವಿ, ನಾನು ನಾಲ್ಕು ಸಲ ಹೆಸರು ಹಿಡಿದು ಕರೀತೀನಿ. ಅವನು ಒಮ್ಮೆಯೂ ತಿರುಗಲ್ಲ, ಬಲೂನಿನ ದಾರವನ್ನೇ ನೋಡ್ತಿದ್ದಾನೆ. ಸೂಜಿಗೆ ಮೂರು ತಿಂಗಳು ಮುಂಚಿನ ವಿಡಿಯೋ ಅದು. ಹತ್ತಾರು ಸಲ ನೋಡಿದ್ದೆ, ಅದು ಕಂಡಿರಲೇ ಇಲ್ಲ.

ಆಮೇಲೆ ಅವರು ಹೇಳಿದ್ದೆಲ್ಲಾ ಕಿವಿಗೆ ಬಿತ್ತು. 1998ರಲ್ಲಿ ಎಂಎಂಆರ್‌ನಿಂದ ಆಟಿಸಂ ಬರುತ್ತೆ ಅನ್ನೋ ಅನುಮಾನ ಬಿತ್ತಿದ ಬ್ರಿಟನ್‌ನ ಡಾಕ್ಟರ್ ವೇಕ್‌ಫೀಲ್ಡ್‌ನ ಲೇಖನ ಬರೀ 12 ಮಕ್ಕಳ ಮೇಲೆ ನಿಂತಿತ್ತು. 2010ರಲ್ಲಿ ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನ ಹಿಂತೆಗೆದುಕೊಂಡಿತು, ಬ್ರಿಟನ್‌ನಲ್ಲಿ ಆತನ ವೈದ್ಯ ನೋಂದಣಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕ್‌ನವರು 6,57,461 ಮಕ್ಕಳ ದಾಖಲೆ ನೋಡಿದರು. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರೋ ಮಕ್ಕಳನ್ನ, ಅಂದರೆ ನನ್ನ ಮಗಳಂಥವರನ್ನ, ಬೇರೆಯಾಗಿಯೂ ನೋಡಿದರು. ಎಂಎಂಆರ್‌ನಿಂದ ಆಟಿಸಂ ಹೆಚ್ಚಾದದ್ದು ಅಲ್ಲೂ ಕಾಣಲಿಲ್ಲ.

ಮಗಳಿಗೆ ಹಾಕಿಸಿದೆ. ಮಗನಿಗೀಗ ಹನ್ನೊಂದು ವರ್ಷ, ಟ್ಯಾಬ್‌ನಲ್ಲಿ ಬರೆದು ಮಾತಾಡ್ತಾನೆ. ಒಂದು ದಿನ ಬರೆದ: "ತಂಗಿ ನನ್ನ ಥರ ಆಗಬಾರದು ಅಂತ ಸೂಜಿ ಬೇಡ ಅಂದ್ಯಾ?" ಮೂರು ವರ್ಷ ನಾವು ಅವನ ಎದುರಿಗೇ ಜಗಳ ಆಡಿದ್ದೆಲ್ಲಾ ಕೇಳಿಸಿಕೊಂಡಿದ್ದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನನ್ನ ತಬ್ಬಿಕೊಂಡೆ.

ಅರ್ವಿಂಗ್‌ನ ತಂಗಿ, ನಿಮ್ಮ ಗೆಳತಿಗೆ ಯಾವ ಭಯ ಅಂತ ಗೊತ್ತಿಲ್ಲ. ಕೇಳಿ. ಆದರೆ ಅವರು ಒಪ್ಪೋವರೆಗೆ ಕೂಸನ್ನ ಅವರ ಮಕ್ಕಳ ಜತೆ ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಆ ಮೂರು ವರ್ಷದಲ್ಲಿ ನಮ್ಮನ್ನ ಮನೆಗೆ ಕರೆಯದೆ ಇದ್ದ ಒಬ್ಬ ಸ್ನೇಹಿತನ ಮೇಲೆ ಸಿಟ್ಟಿತ್ತು. ಅವನ ಮಗಳಿಗೆ ಆಗ ಕೀಮೋ ನಡೀತಿತ್ತು, ಅವಳಿಗೆ ಆ ಲಸಿಕೆ ಕೊಡೋ ಹಾಗೇ ಇರಲಿಲ್ಲ. ಅವನು ಮಾಡಿದ್ದು ಸರಿ.

ಆಸ್ಟಿನ್‌ನಿಂದ, ಮತ್ತೆ

ಕಾನೂನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೇವಿನ ಸೊಪ್ಪಿನ ಮಾತು ವಾಪಸ್ ತಗೋತೀನಿ. ಅಜ್ಜಿಗೆ ನಮಸ್ಕಾರ.

ಅರ್ವಿಂಗ್‌ನಿಂದ, ಆಗಸ್ಟ್ ಕೊನೆಯಲ್ಲಿ

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಆ ವಾರವೇ ಮಗಳಿಗೆ ಮುಂಚಿತ ಡೋಸ್ ಆಯಿತು. ಲಬಕ್ ಅಕ್ಕ ಹೇಳಿದ ಹಾಗೇ ಒಂದು ರಾತ್ರಿ ಜ್ವರ, ಅಷ್ಟೇ. ಬೆಂಗಳೂರಿಗೂ ಹೋಗಿ ಬಂದ್ವಿ.

ಗೆಳತಿಯ ಮನೆಗೆ ಒಬ್ಬಳೇ ಹೋದೆ. "ಅಕ್ಕಾ, ಇವಳಿಗೆ ರಕ್ಷಣೆ ಬರೋವರೆಗೆ ಮಕ್ಕಳನ್ನ ಕರೀಲಾರೆ, ನೀವು ಬಂದೇ ಬರಬೇಕು" ಅಂದೆ. ಅವರು ಏನೂ ಅನ್ನಲಿಲ್ಲ. ಅನ್ನಪ್ರಾಶನಕ್ಕೂ ಬರಲಿಲ್ಲ. ಪಾಯಸ ತಗೊಂಡು ಹೋಗಿ ಬಾಗಿಲಲ್ಲಿಟ್ಟು ಬಂದೆ. ಮೂರು ವಾರ ಮಾತಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು. ದೊಡ್ಡವನಿಗೆ ಮಗುವಾಗಿದ್ದಾಗ ಯಾವುದೋ ಲಸಿಕೆಯ ಮಾರನೆ ದಿನ ಜ್ವರದಲ್ಲಿ ಫಿಟ್ಸ್ ಬಂದಿತ್ತಂತೆ. ಆವತ್ತು ಮನೆಯಲ್ಲಿ ಒಬ್ಬರೇ ಇದ್ದರಂತೆ. ನಾಲ್ಕು ವರ್ಷದ ಸ್ನೇಹದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನ್ಯೂಜೆರ್ಸಿ ಅಣ್ಣ ಬರೆದದ್ದನ್ನ ಅವರಿಗೆ ಓದಿ ಹೇಳಿದೆ. ಅವರ ಡಾಕ್ಟರ ಹತ್ತಿರ ಇಬ್ಬರೂ ಹೋದ್ವಿ. ಜುಲೈನಲ್ಲಿ ದೊಡ್ಡವನಿಗೆ ಆಯಿತು. ಆ ವಾರ ಪೂರ್ತಿ ಅವರ ಮನೆಯಲ್ಲೇ ಮಲಗಿದ್ದೆ, ರಾತ್ರಿ ಒಬ್ಬರೇ ಇರಬಾರದು ಅಂತ.

ಆಗಸ್ಟ್ 18ಕ್ಕೆ ಈ ಸಲದ ಹಾವಳಿ ಮುಗಿಯಿತು ಅಂತ ಟೆಕ್ಸಾಸ್ ಘೋಷಿಸಿತು, ಒಟ್ಟು 762 ಜನ. ಅದೇ ಹೊತ್ತಿಗೆ ವಿನಾಯಿತಿಯ ಅರ್ಜಿಯನ್ನ ಅಂಚೆಗೆ ಕಾಯದೆ ವೆಬ್‌ಸೈಟಿಂದಲೇ ಇಳಿಸಿಕೊಳ್ಳೋ ಹಾಗೆ ಹೊಸ ಕಾನೂನು ಮಾಡಿದ್ದಾರೆ, ಸೆಪ್ಟೆಂಬರ್ 1ರಿಂದ. ಅದು ನನಗೆ ನೋವು ತಂದಿದೆ.

ಸೆಪ್ಟೆಂಬರ್‌ನಲ್ಲಿ ಮಗಳಿಗೆ ವರ್ಷ ತುಂಬುತ್ತೆ. ಅದರ ಮಾರನೇ ದಿನಕ್ಕೇ ಡಾಕ್ಟರ ಹತ್ತಿರ ಸಮಯ ತಗೊಂಡಿದ್ದೀನಿ. ಚಿಕ್ಕವನಿಗೂ ಅದೇ ಹೊತ್ತಿಗೆ ಬರೆಸೋಣ್ವಾ ಅಕ್ಕಾ ಅಂತ ಕೇಳಿದ್ದೀನಿ. ಇನ್ನೂ ಏನೂ ಹೇಳಿಲ್ಲ ಅವರು.