ಅಗತ್ತಿಯಿಂದ ಲೇಹ್‌ಗೆ ವಿಮಾನದ ದೂರ ಮತ್ತು ಪ್ರಯಾಣದ ಸಮಯ

ಪ್ರಶ್ನೆ:
ನಮಸ್ಕಾರ. ನಾನು ಲಕ್ಷದ್ವೀಪದ ಅಗತ್ತಿಯಲ್ಲಿ ಕೆಲಸದಲ್ಲಿದ್ದೇನೆ, ನನ್ನ ಅಣ್ಣ ಲಡಾಖಿನ ಲೇಹ್‌ನಲ್ಲಿದ್ದಾನೆ. ರಜೆಯಲ್ಲಿ ಅವನನ್ನು ನೋಡಲು ಹೊರಟಿದ್ದೇನೆ. ದೂರ ಲೆಕ್ಕ ಹಾಕುವ ಜಾಲತಾಣವೊಂದು ಈ ಎರಡು ನಿಲ್ದಾಣಗಳ ನಡುವೆ ಸುಮಾರು 2,650 ಕಿ.ಮೀ. ಇದೆಯೆಂದೂ ನಾಲ್ಕು ಗಂಟೆಯೊಳಗೆ ತಲುಪಬಹುದೆಂದೂ ತೋರಿಸುತ್ತಿದೆ. ಹೊರಟ ದಿನವೇ ಲೇಹ್ ಸೇರಲು ಸಾಧ್ಯವೇ?

ಉತ್ತರ 1:
ದೂರದ ಲೆಕ್ಕ ಸರಿಯಾಗಿದೆ, ಆದರೆ ಸಮಯದ ಲೆಕ್ಕವನ್ನು ನಂಬಬೇಡಿ. ಭೂಮಿಯ ಮೇಲಿನ ಅತಿ ಹತ್ತಿರದ ಹಾದಿಯನ್ನು ಜೆಟ್ ವಿಮಾನದ ಸರಾಸರಿ ವೇಗದಿಂದ ಭಾಗಿಸಿ ಆ ಸಮಯವನ್ನು ಕೊಟ್ಟಿರುತ್ತಾರೆ; ಆ ಹಾದಿಯಲ್ಲಿ ವಿಮಾನ ಹಾರುತ್ತದೆಯೇ ಎಂಬುದನ್ನು ಅದು ನೋಡುವುದೇ ಇಲ್ಲ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ ಇರುವುದರಿಂದ ಅಲ್ಲಿಗೆ ಎಟಿಆರ್‌ನಂಥ ಸಣ್ಣ ಟರ್ಬೊಪ್ರಾಪ್ (ಪ್ರೊಪೆಲರ್‌ನಿಂದ ಹಾರುವ) ವಿಮಾನಗಳು ಬರುತ್ತವೆಯೇ ಹೊರತು, ಲೇಹ್‌ಗೆ ಹೋಗುವ ಏರ್‌ಬಸ್ ಎ320 ಅಲ್ಲಿ ಇಳಿಯಲಾರದು; ಎಟಿಆರ್‌ಗೋ ತುಂಬಿದ ಪ್ರಯಾಣಿಕರೊಂದಿಗೆ ಇಷ್ಟು ದೂರವನ್ನು ಒಂದೇ ಹಾರಾಟದಲ್ಲಿ ಕ್ರಮಿಸುವಷ್ಟು ಇಂಧನದ ಅವಕಾಶವಿಲ್ಲ. ಹಾಗಾಗಿ ನೇರ ವಿಮಾನದ ಮಾತೇ ಬರುವುದಿಲ್ಲ.

ಕೊಚ್ಚಿ ಮತ್ತು ದೆಹಲಿಯ ಮೂಲಕ ಹೋದರೆ ಅಗತ್ತಿಯಿಂದ ಕೊಚ್ಚಿಗೆ 460, ಅಲ್ಲಿಂದ ದೆಹಲಿಗೆ 2,050, ದೆಹಲಿಯಿಂದ ಲೇಹ್‌ಗೆ 620, ಒಟ್ಟು ಸುಮಾರು 3,130 ಕಿ.ಮೀ. ಆಗುತ್ತದೆ. ಆಕಾಶದಲ್ಲಿ ಕಳೆಯುವ ಸಮಯ ಆರು ಗಂಟೆಯ ಆಸುಪಾಸು. ಆದರೂ ಅದೇ ದಿನ ತಲುಪಲು ಆಗುವುದಿಲ್ಲ. ಲೇಹ್ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ರೆಕ್ಕೆಯ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತವೆ, ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗುತ್ತದೆ, ಮಧ್ಯಾಹ್ನದ ನಂತರ ಕಣಿವೆಯಲ್ಲಿ ಬಿರುಗಾಳಿ ಏಳುತ್ತದೆ. ಈ ಕಾರಣಗಳಿಂದ ಅಲ್ಲಿನ ವಿಮಾನಗಳು ಬಹುತೇಕ ಬೆಳಗಿನ ಹೊತ್ತೇ ಬಂದು ಹೋಗುತ್ತವೆ. ನೀವು ರಾತ್ರಿ ದೆಹಲಿಯಲ್ಲಿ ತಂಗಿ, ಮುಂಜಾನೆಯ ವಿಮಾನ ಹಿಡಿಯಬೇಕು.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಮರಳುವಾಗ ರಾತ್ರಿಯ ತಂಗುದಾಣ ಬದಲಾಗುತ್ತದೆ ಎಂಬುದನ್ನೂ ಗಮನಿಸಿ: ಲೇಹ್‌ನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಕೊಚ್ಚಿ ಸೇರಬಹುದು, ಆದರೆ ಅಗತ್ತಿಗೆ ಹಗಲಿನ ವಿಮಾನ ಸಿಗುವುದು ಮರುದಿನವೇ. ಟಿಕೆಟ್‌ಗಳನ್ನು ಬೇರೆ ಬೇರೆ ಸಂಸ್ಥೆಗಳಲ್ಲಿ ಬಿಡಿಬಿಡಿಯಾಗಿ ತೆಗೆದುಕೊಂಡರೆ, ಮಳೆಗಾಲದಲ್ಲಿ ಅಗತ್ತಿಯ ವಿಮಾನ ರದ್ದಾದಾಗ ಮುಂದಿನ ಟಿಕೆಟ್‌ಗೆ ಯಾರೂ ಹೊಣೆಯಾಗುವುದಿಲ್ಲ. ಚಳಿಗಾಲದಲ್ಲಿ ದೆಹಲಿಯ ಮಂಜಿನದೂ ಇದೇ ತೊಂದರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಗೆ ಒಂದೊಂದು ದಿನವನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಅಗತ್ಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲೇಹ್ ತಲುಪಿದ ದಿನವೇ ಅಣ್ಣನೊಂದಿಗೆ ಪಾಂಗಾಂಗ್ ಸರೋವರಕ್ಕೆ ಹೋಗಬಹುದೇ?

ಉತ್ತರ 1:
ದಯವಿಟ್ಟು ಹೋಗಬೇಡಿ. ಸಮುದ್ರಮಟ್ಟದಲ್ಲೇ ಇರುವವರು ಒಂದೇ ರಾತ್ರಿಯ ಅಂತರದಲ್ಲಿ ಮೂರು ಸಾವಿರ ಮೀಟರ್ ದಾಟಿ ಹೋದಾಗ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುವ ಸಂಭವವಿದೆ, ಪಾಂಗಾಂಗ್ ಅಂತೂ 4,200 ಮೀಟರಿಗೂ ಮೇಲಿದೆ. ಮೊದಲ ಎರಡು ದಿನಗಳ ವಿಶ್ರಾಂತಿಯನ್ನು ಪ್ರಯಾಣದ ಸಮಯವೆಂದೇ ಎಣಿಸಿ, ಅದಕ್ಕೆ ತಕ್ಕಂತೆ ರಜೆಗೆ ಅರ್ಜಿ ಹಾಕಿ.